ಪುಟಸಂಖ್ಯೆಯಿಲ್ಲದ ವಿಧುರ

ದ್ವಾರಕನಾಥ್ ಅವರು ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಸಲ ನನಗೆ ಕೆಲಸ ತಡವಾಗಿ ಕೊಟ್ಟರು. ಆ ಒಂದು ಸಲವೂ ನಾನು ಅವರನ್ನು ಸುಮ್ಮನೆ ಬಿಡಲಿಲ್ಲ. ಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ನನ್ನ ಸ್ವಭಾವವೇ ಹಾಗೆ, ಉದ್ಯೋಗವೂ ಅದಕ್ಕೆ ತಕ್ಕ ಹಾಗೆ ಸಿಕ್ಕಿದೆ. ಸಿಂಗಾಪುರದ ರಾಫೆಲ್ಸ್ ಪ್ಲೇಸಿನ ಹಿಂದುಗಡೆಯ ಹಳೆಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ ನಮ್ಮ ಆಫೀಸು. ಯುರೋಪಿನ ಪ್ರಕಾಶಕರು ಕಳಿಸುವ ದಪ್ಪ ದಪ್ಪ ಪುಸ್ತಕಗಳ ತಪ್ಪು ತಿದ್ದಿ, ಪುಟ ಜೋಡಿಸಿ, ಅಚ್ಚಿಗೆ ಸಿದ್ಧಮಾಡಿ ವಾಪಸು ಕಳಿಸುವುದು ನಮ್ಮ ಕೆಲಸ. ಯಾರ ಕೈಯಿಂದ ಏನು ಯಾವ ತಾರೀಖಿಗೆ ಬರಬೇಕೆಂದು ನೋಡಿಕೊಳ್ಳುವವಳು ನಾನು, ಉಮಾ. ಅಂದರೆ ಸಂಬಳ ತೆಗೆದುಕೊಂಡು ಜನರ ಪ್ರಾಣ ತಿನ್ನುವವಳು.

ದ್ವಾರಕನಾಥ್ ಅವರದು ಇಂಡೆಕ್ಸ್ ಮಾಡುವ ಕೆಲಸ. ಪುಸ್ತಕದ ಕೊನೆಯಲ್ಲಿ ಅಕ್ಷರಕ್ರಮದ ಪಟ್ಟಿ ಇರುತ್ತದಲ್ಲ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು, ಅದನ್ನು ಒಬ್ಬ ಮನುಷ್ಯ ಕೂತು ತಯಾರಿಸುತ್ತಾನೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ಮಾಡಿಬಿಡುತ್ತದೆ ಅಂದುಕೊಂಡಿದ್ದಾರೆ. ಕಂಪ್ಯೂಟರ್ ಪದ ಹುಡುಕುತ್ತದೆ, ಅಷ್ಟೇ. ಓದುವವನು ಏನನ್ನು ಹುಡುಕಿಕೊಂಡು ಬರುತ್ತಾನೆ ಎಂದು ಊಹಿಸಲು ಮನುಷ್ಯನ ತಲೆಯೇ ಬೇಕು, ಮತ್ತು ದ್ವಾರಕನಾಥ್ ಅವರಂಥ ತಲೆ ನಾನು ಇನ್ನೊಂದು ನೋಡಿಲ್ಲ. ಮೈಸೂರಿನವರು. ೧೯೮೮ರಲ್ಲಿ ಟುವಾಸ್‌ನ ಒಂದು ಮುದ್ರಣಾಲಯಕ್ಕೆ ಪ್ರೂಫ್ ನೋಡಲು ಬಂದವರು ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಸೇರಿದರು. ಪುಸ್ತಕವನ್ನು ಎರಡು ಸಲ ಓದುವರು. ಮೊದಲ ಸಲ ಕೈಯಲ್ಲಿ ಪೆನ್ನಿರಬಾರದು. ಎರಡನೇ ಸಲ ಪ್ರತಿ ವಿಷಯಕ್ಕೂ ಒಂದೊಂದು ಬಿಳಿ ಕಾರ್ಡು, ಅದರ ಮೇಲೆ ಪುಟಸಂಖ್ಯೆಗಳು. ಕಾರ್ಡುಗಳನ್ನೆಲ್ಲ ಚಪ್ಪಲಿ ಡಬ್ಬದಲ್ಲಿ ಅಕ್ಷರಕ್ರಮದಲ್ಲಿ ನಿಲ್ಲಿಸಿ, ಆಮೇಲೆ ಟೈಪು ಮಾಡುವರು. ಪುಟಸಂಖ್ಯೆ ಸಿಗದ ಕಾರ್ಡು ನೇರ ಕಸದ ಬುಟ್ಟಿಗೆ. ಹೊಸದಾಗಿ ಸೇರಿದವರಿಗೆ ಅವರು ಮೊದಲು ಹೇಳಿಕೊಡುತ್ತಿದ್ದದ್ದೇ ಇದು: ಬೋರ್ಡು ಹಾಕಿ ಒಳಗೆ ಮನೆಯೇ ಇಲ್ಲದಿದ್ದರೆ ಬಂದವರು ನಿಮ್ಮನ್ನು ಬೈಯದೆ ಇನ್ನೇನು ಮಾಡಿಯಾರು?

ಅವರ ಹೆಂಡತಿ ರೇಣುಕಾ ಅವರು ಗಂಡನಿಗೆ ತದ್ವಿರುದ್ಧ. ಇವರು ನಾಲ್ಕು ಮಾತಾಡುವ ಕಡೆ ಆಕೆ ನಲವತ್ತು ಆಡುವರು. ಸೆಂಗ್‌ಕಾಂಗಿನ ಅವರ ಮನೆಯಲ್ಲಿ ಬಿಳಿ ಬೋರ್ಡು ತೂಗುಹಾಕಿಕೊಂಡು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಚೀನೀ ಮಕ್ಕಳು, ಮಲಯ ಮಕ್ಕಳು, ನಮ್ಮ ಮಕ್ಕಳು, ಎಲ್ಲರಿಗೂ ಮ್ಯಾತ್ಸ್ ಆಂಟಿ. ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಆ ಮಕ್ಕಳ ಬಾಯಿಂದ ಆಕೆಯ ಕನ್ನಡಕ್ಕೂ ಅಂಟಿಕೊಂಡಿತ್ತು. ‘ಊಟ ಮಾಡಿ ಲಾ’ ಎಂದು ಆಕೆ ಬಡಿಸುವಾಗ ಬಾಯಲ್ಲಿದ್ದ ಅನ್ನ ಹೊರಗೆ ಬರುವಷ್ಟು ನಗು ಬರುತ್ತಿತ್ತು ನನಗೆ. ಸ್ವಂತ ಮಕ್ಕಳಿರಲಿಲ್ಲ. ಇಬ್ಬರೇ.

೨೦೧೩ರ ಜುಲೈ ತಿಂಗಳ ಒಂದು ಬೆಳಗ್ಗೆ ದ್ವಾರಕನಾಥ್ ಅವರು ಎಂಟು ಗಂಟೆಗೇ ಆಫೀಸಿಗೆ ಬಂದರು. ಆ ದಿನ ಅವರು ರಜೆ ಹಾಕಿದ್ದರು. ನೇರ ನನ್ನ ಮೇಜಿನ ಹತ್ತಿರ ಬಂದು, ಅರ್ಜೆಂಟ್ ಕೆಲಸ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಮೀನುಗಾರಿಕೆಯ ಪುಸ್ತಕ ಒಂದಿದೆ, ಅದಕ್ಕೂ ಇನ್ನೂ ಒಂದು ತಿಂಗಳಿದೆ ಎಂದೆ. ಅದನ್ನೇ ಕೊಡಿ ಎಂದರು. ರಜೆಯ ದಿನವೂ ಬಂದು ದುಡಿಯುವ ಮನುಷ್ಯನಿಗೆ ಏನನ್ನುವುದು? ಮನೆಯಲ್ಲಿ ಮೇಡಂ ಓಡಿಸಿದರೇ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಪ್ರೂಫಿನ ಕಟ್ಟು ತೆಗೆದುಕೊಂಡು ತಮ್ಮ ಮೂಲೆಗೆ ಹೋಗಿ ಕೂತರು.

ಒಂಬತ್ತೂವರೆಗೆ ಆಫೀಸಿನ ಫೋನಿಗೆ ಕರೆ ಬಂತು. ರೇಣುಕಾ. ಅವರಿಗೆ ಇವತ್ತು ತುಂಬಾ ಅರ್ಜೆಂಟ್ ಕೆಲಸ ಬಂದಿದೆಯಂತೆ ಹೌದೇ, ಒಂದು ಗಂಟೆ ಬಿಡುವು ಮಾಡಿ ಕಳಿಸಲು ಆಗುವುದಿಲ್ಲವೇ ಎಂದು ಕೇಳಿದರು. ನನ್ನ ಬಾಯಿಗೆ ಬೀಗ ಎಲ್ಲಿದೆ? ‘ಅಯ್ಯೋ, ಅರ್ಜೆಂಟ್ ಏನೂ ಇಲ್ಲ ಮೇಡಂ. ಅವರೇ ಕೇಳಿ ತಗೊಂಡ್ರು,’ ಎಂದು ಒದರಿಬಿಟ್ಟೆ. ಕರೆಯಲೇ ಎಂದು ಕೇಳಿದೆ. ಬೇಡ, ಕೆಲಸ ಮಾಡಿಕೊಳ್ಳಲಿ ಬಿಡಿ ಎಂದು ಆಕೆ ಫೋನು ಇಟ್ಟರು. ನಾನೂ ಮರೆತೆ.

ಆ ದಿನ ಏನು ನಡೆಯಿತೆಂದು ನನಗೆ ತಿಳಿದದ್ದು ಮುಂದಿನ ಯುಗಾದಿಯ ಊಟಕ್ಕೆ ಅವರ ಮನೆಗೆ ಹೋದಾಗ. ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ರೇಣುಕಾ ಅವರೇ ಹೇಳಿದರು. ಗಂಡ ಹೆಂಡತಿ ಇಬ್ಬರೂ ಸಿಂಗಾಪುರದ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಇಬ್ಬರಿಗೂ ಒಪ್ಪಿಗೆ ಬಂದಿತ್ತು. ಆ ಜುಲೈ ದಿನ ಬೆಳಗ್ಗೆ ಲ್ಯಾವೆಂಡರಿನ ಸರ್ಕಾರಿ ಕಚೇರಿಯಲ್ಲಿ ಇಬ್ಬರೂ ಒಟ್ಟಿಗೆ ನಿಂತು, ಹಳೆಯ ದೇಶವನ್ನು ಬಿಟ್ಟೆವು, ಈ ದೇಶಕ್ಕೆ ನಿಷ್ಠರಾಗಿರುತ್ತೇವೆ ಎಂದು ಗಟ್ಟಿಯಾಗಿ ಓದಿ ಪ್ರಮಾಣ ಮಾಡಬೇಕಿತ್ತು. ಬೆಳಗ್ಗೆ ಏಳಕ್ಕೆ ಇವರು, ಆಫೀಸಿನಿಂದ ಅರ್ಜೆಂಟ್ ಕರೆ ಬಂದಿದೆ, ನೀನು ಹೋಗಿ ಬಾ, ನಾನು ಇನ್ನೊಂದು ತಾರೀಖು ತೆಗೆದುಕೊಳ್ಳುತ್ತೇನೆ ಎಂದರಂತೆ. ಆಕೆ ಒಬ್ಬರೇ ಹೋದರು. ನನಗೆ ಫೋನು ಮಾಡಿದ್ದು ಆ ಕಚೇರಿಯ ಕೆಳಗೆ ನಿಂತುಕೊಂಡು. ಫೋನು ಇಟ್ಟು ಮೇಲೆ ಹೋಗಿ, ಒಬ್ಬರೇ ಓದಿ ಬಂದರು.

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಕೆ ಹೋಳಿಗೆ ತಿರುವಿ ಹಾಕಿ ತುಪ್ಪ ಬಿಟ್ಟರು. ‘ನಾನು ಫೋನ್ ಮಾಡಿದ್ದು ಅವರಿಗೆ ಹೇಳ್ಬೇಡಿ ಉಮಾ. ನಾಚ್ಕೋತಾರೆ. ಅವರಾಗೇ ಬರ್ತಾರೆ, ಸ್ವಲ್ಪ ಟೈಮ್ ಬೇಕು ಅವರಿಗೆ,’ ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅವರು ಬರಲಿಲ್ಲ. ಮುಂದಿನ ತಿಂಗಳು, ದೀಪಾವಳಿ ಕಳೆಯಲಿ, ಚೈನೀಸ್ ನ್ಯೂ ಇಯರ್ ಮುಗಿಯಲಿ ಎನ್ನುತ್ತ ಒಪ್ಪಿಗೆಯ ಅವಧಿಯೇ ಮುಗಿದುಹೋಯಿತು. ರೇಣುಕಾ ಅವರ ಕೈಗೆ ಗುಲಾಬಿ ಬಣ್ಣದ ಗುರುತಿನ ಕಾರ್ಡು ಬಂತು, ಮೂಲೆ ಕತ್ತರಿಸಿದ ಭಾರತದ ಪಾಸ್‌ಪೋರ್ಟು ಬೀರುವಿನೊಳಗೆ ಹೋಯಿತು. ಇವರು ಕಾಯಂ ನಿವಾಸಿಯ ನೀಲಿ ಕಾರ್ಡಿನಲ್ಲೇ ಉಳಿದರು. ೨೦೧೪ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬೆಂಗಳೂರು ಏರ್‌ಪೋರ್ಟಿನಲ್ಲಿ ಇವರಿಗೆ ಭಾರತೀಯರ ಸಾಲು, ಆಕೆಗೆ ವಿದೇಶಿಯರ ಸಾಲು. ಆಕೆಯ ಸಾಲು ಬೇಗ ಕರಗಿತಂತೆ. ಆ ಕಡೆ ಹೋಗಿ ಎರಡು ಪೆಟ್ಟಿಗೆ ಇಟ್ಟುಕೊಂಡು, ಮುಕ್ಕಾಲು ಗಂಟೆ ಗಂಡನ ದಾರಿ ನೋಡುತ್ತ ನಿಂತಿದ್ದರಂತೆ. ವಾಪಸು ಬಂದು ಈ ಕಥೆಯನ್ನು ನಗುನಗುತ್ತ ಹೇಳಿದ್ದು ಆಕೆ. ಇವರು ಅಲ್ಲೇ ಕೂತು ಪೇಪರು ಓದುತ್ತಿದ್ದರು.

೨೦೧೫ರ ಸೆಪ್ಟೆಂಬರಿನಲ್ಲಿ ಇಲ್ಲಿ ಚುನಾವಣೆ ಬಂತು. ಆಕೆಗೆ ಮೊದಲ ಮತ. ರೇಷ್ಮೆ ಸೀರೆ ಉಟ್ಟು ಹೊರಟರಂತೆ. ದ್ವಾರಕನಾಥ್ ಅವರು ಮತಗಟ್ಟೆಯಾಗಿದ್ದ ಶಾಲೆಯ ಗೇಟಿನವರೆಗೂ ಜೊತೆಗೆ ಹೋಗಿ, ಹೊರಗೆ ಬಿಸಿಲಲ್ಲಿ ಆಕೆಯ ಕೊಡೆ ಹಿಡಿದುಕೊಂಡು ನಿಂತಿದ್ದರು. ಅದನ್ನು ಕಣ್ಣಾರೆ ನೋಡಿದೆ, ನಮ್ಮ ಬ್ಲಾಕು ಎದುರಿಗೇ. ಬಾಲ್ಕನಿಯಿಂದ ಕೂಗಿ ಕರೆಯೋಣ ಎನ್ನಿಸಿತು, ಕರೆಯಲಿಲ್ಲ.

೨೦೧೬ರ ಫೆಬ್ರವರಿ ಹತ್ತೊಂಬತ್ತರಂದು ರೇಣುಕಾ ತೀರಿಕೊಂಡರು. ಮೆದುಳಿನಲ್ಲಿ ರಕ್ತಸ್ರಾವ, ಆಸ್ಪತ್ರೆಯಲ್ಲಿ ಮೂರೇ ದಿನ. ಬೂದಿಯನ್ನು ಊರಿಗೆ ಒಯ್ಯುವುದೇ ಎಂದು ನಾವೆಲ್ಲ ಕೇಳಿದೆವು. ಆಕೆ ಹಿಂದೆಯೇ ಹೇಳಿಟ್ಟಿದ್ದರಂತೆ, ನನ್ನನ್ನು ಪ್ಲೇನಿನಲ್ಲಿ ಹೊತ್ತುಕೊಂಡು ಹೋಗಬೇಡಿ, ಇಲ್ಲೇ ಬಿಡಿ ಎಂದು. ದೋಣಿಯಲ್ಲಿ ಹೋಗಿ ಇಲ್ಲಿಯ ಸಮುದ್ರದಲ್ಲೇ ಬಿಟ್ಟು ಬಂದರು. ಕ್ರಿಯೆಗೆ ಸಂಬಂಧಿಸಿದ ಯಾವುದೋ ಫಾರ್ಮಿನಲ್ಲಿ ಸತ್ತವರ ದೇಶ ಯಾವುದು, ತುಂಬುವವರ ದೇಶ ಯಾವುದು ಎಂದಿತ್ತು. ಎರಡು ಬೇರೆ ಬೇರೆ ಉತ್ತರ ಬರೆದು, ಸಂಬಂಧ ಎನ್ನುವ ಕಡೆ ಗಂಡ ಎಂದು ಬರೆದದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ.

ಆಮೇಲೆ ಅವರು ಆಫೀಸಿಗೆ ಬರುವುದನ್ನು ಬಿಟ್ಟರು. ಕೆಲಸವನ್ನು ಮನೆಗೇ ಕಳಿಸುತ್ತಿದ್ದೆ. ದಿನಗಟ್ಟಲೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ ಎಂಬುದು ಫೋನು ಎತ್ತಿದಾಗ ಗಂಟಲಿನಿಂದಲೇ ಗೊತ್ತಾಗುತ್ತಿತ್ತು. ಮೊದಲ ಎರಡು ಮಾತು ಹೊರಡುವುದಕ್ಕೆ ಕೆಮ್ಮಬೇಕಾಗುತ್ತಿತ್ತು.

೨೦೧೭ರ ಜನವರಿಯಲ್ಲಿ ನಾನು ಅವರಿಗೆ ಕಳಿಸಿದ್ದು ನೆದರ್‌ಲ್ಯಾಂಡ್ಸಿನ ಪೌರತ್ವ ಕಾನೂನಿನ ಚರಿತ್ರೆ. ನಾನೂರ ಹನ್ನೆರಡು ಪುಟ, ಬರೀ ಕಾನೂನು. ಚೈನೀಸ್ ನ್ಯೂ ಇಯರ್ ರಜೆಗೆ ಮುಂಚೆ, ಇಪ್ಪತ್ತೈದಕ್ಕೆ ಇಂಡೆಕ್ಸ್ ಬರಬೇಕಿತ್ತು. ಬರಲಿಲ್ಲ. ಮೂವತ್ತೊಂದಕ್ಕೂ ಬರಲಿಲ್ಲ. ಅತ್ತ ಪ್ರಕಾಶಕರು ನನ್ನ ತಲೆ ತಿನ್ನುತ್ತಿದ್ದರು. ಫೋನು ಮಾಡಿದೆ. ಸ್ವಲ್ಪ ಡಾಕ್ಯುಮೆಂಟ್ಸ್ ಕಲೆಕ್ಟ್ ಮಾಡುವುದಿದೆ, ಇನ್ನೊಂದು ವಾರ ಎಂದರು. ಯಾವ ಡಾಕ್ಯುಮೆಂಟ್ಸ್ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಮಾಡಿರಲಿಲ್ಲ, ಈಗ ಮನೆಯಲ್ಲಿ ಆರಾಮಾಗಿ ಕೂತಿದ್ದೀರಿ, ನಿಮಗೇನು ಎಂದುಬಿಟ್ಟೆ. ‘ಆರಾಮಾಗಿ’ ಎಂದು ಹೆಂಡತಿ ಸತ್ತು ವರ್ಷ ತುಂಬದ ಮನುಷ್ಯನಿಗೆ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು. ಸಾರಿ ಎಂದರು ಅವರು, ಅಷ್ಟೇ.

ಫೆಬ್ರವರಿ ಹತ್ತಕ್ಕೆ ಇಂಡೆಕ್ಸ್ ಬಂತು. ಎಂದಿನಂತೆ ಅಚ್ಚುಕಟ್ಟು. ಕಣ್ಣಾಡಿಸುತ್ತ ಕೊನೆಯ ಪುಟಕ್ಕೆ ಬಂದೆ. ಇಂಗ್ಲಿಷಿನಲ್ಲಿ ವಿಧವೆ, ವಿಧುರ ಎರಡೂ ಅಕ್ಕಪಕ್ಕ ಬರುವ ಪದಗಳು. ವಿಧವೆಯ ಮುಂದೆ ಹನ್ನೊಂದು ಪುಟಸಂಖ್ಯೆ. ಅದರ ಕೆಳಗೆ ವಿಧುರ ಎಂದಿದೆ, ಮುಂದೆ ಅಲ್ಪವಿರಾಮ, ಆಮೇಲೆ ಏನೂ ಇಲ್ಲ. ಪುಟಸಂಖ್ಯೆಯಿಲ್ಲ.

ಬೇರೆ ಯಾರಾದರೂ ಮಾಡಿದ್ದರೆ ನಗುತ್ತಿದ್ದೆ. ಇಂಡೆಕ್ಸ್ ಮಾಡುವವರ ಕೈಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಆಗಲಾರದು, ಅದೂ ಬೋರ್ಡು ಹಾಕಿ ಮನೆ ಇಲ್ಲದಿದ್ದರೆ ಹೇಗೆ ಎಂದು ಎಲ್ಲರಿಗೂ ಪಾಠ ಹೇಳಿದವರ ಕೈಯಲ್ಲಿ. ಮೊದಲು ಸಿಟ್ಟು ಬಂತು. ಆಮೇಲೆ ಆ ಸಾಲನ್ನೇ ಇನ್ನೊಮ್ಮೆ ಓದಿದೆ. ಮಾರನೆಯ ದಿನ ಶನಿವಾರ, ಪ್ರಿಂಟ್ ಔಟ್ ಹಿಡಿದುಕೊಂಡು ಅವರ ಮನೆಗೇ ಹೋದೆ.

ಮನೆ ಚೊಕ್ಕಟವಾಗಿತ್ತು, ಅದೇ ಬೇಜಾರು. ಗೋಡೆಯ ಮೇಲಿನ ಬಿಳಿ ಬೋರ್ಡಿನಲ್ಲಿ ರೇಣುಕಾ ಅವರು ಕೊನೆಗೆ ಹೇಳಿಕೊಟ್ಟ ಭಿನ್ನರಾಶಿಯ ಲೆಕ್ಕ ಹಾಗೆಯೇ ಇತ್ತು, ಅರ್ಧ ಬಿಡಿಸಿದ್ದು. ಕಿಟಕಿಯಾಚೆ ಎಲ್‌ಆರ್‌ಟಿ ರೈಲು ಎರಡು ನಿಮಿಷಕ್ಕೊಮ್ಮೆ ಹಾದುಹೋಗುತ್ತಿತ್ತು, ಪ್ರತಿ ಸಲವೂ ಅವರು ತಲೆಯೆತ್ತಿ ನೋಡುತ್ತಿದ್ದರು. ಡಿಕಾಕ್ಷನ್ ಹಾಕಿ ಕಾಫಿ ತಂದುಕೊಟ್ಟರು. ಅಭ್ಯಾಸಬಲದಿಂದ ಮೂರು ಲೋಟ ತಂದಿದ್ದರು. ಒಂದನ್ನು ವಾಪಸು ಒಳಗಿಟ್ಟು ಬಂದರು. ನಾನು ಆ ಕಾಗದ ಮುಂದಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟೆ. ನೋಡಿದರು. ಗೊತ್ತಿಲ್ಲದೆ ಆದ ತಪ್ಪಲ್ಲ ಅದು ಎಂದು ಅವರ ಮುಖವೇ ಹೇಳಿತು.

‘ಪೂರ್ತಿ ಪುಸ್ತಕ ಹುಡುಕ್ದೆ ಉಮಾ. ಮೂರು ಸಲ. ವಿಧವೆಗೆ ಏನೇನು ಅಂತ ಬರ್ದಿದಾರೆ. ಹೆಂಡ್ತಿ ಸತ್ತವನಿಗೆ ಏನು ಅಂತ ಒಂದು ಲೈನೂ ಇಲ್ಲ. ಕಾರ್ಡ್ ಎಸೆಯೋಕೆ ಮನಸ್ಸು ಬರ್ಲಿಲ್ಲ,’ ಎಂದರು.

ಅಷ್ಟು ದಿನ ಯಾರ ಜೊತೆಗೂ ಆಡದ ಮಾತೆಲ್ಲ ಆ ಮಧ್ಯಾಹ್ನ ಹೊರಗೆ ಬಂತು. ಮೊದಲು ಬಂದದ್ದು ಆ ಪುಸ್ತಕವೇ. ೧೮೩೮ರ ಡಚ್ಚರ ನಾಗರಿಕ ಸಂಹಿತೆಯಲ್ಲಿ ಆ ರಾಜ್ಯದಲ್ಲೋ ವಸಾಹತಿನಲ್ಲೋ ನೆಲೆನಿಂತ ತಂದೆತಾಯಿಗೆ ಅಲ್ಲೇ ಹುಟ್ಟಿದವನು ಡಚ್ಚನಾಗುತ್ತಿದ್ದ. ೧೮೯೨ರಲ್ಲಿ, ರಾಣಿ ಇನ್ನೂ ಹನ್ನೆರಡು ವರ್ಷದ ಹುಡುಗಿ, ತಾಯಿ ಅವಳ ಪರವಾಗಿ ಆಳುತ್ತಿದ್ದಾಗ, ಹೊಸ ಕಾನೂನು ಬಂತು. ಇನ್ನು ಮೇಲೆ ಹುಟ್ಟಿದ ನೆಲ ಮುಖ್ಯವಲ್ಲ, ತಂದೆಯ ರಕ್ತ ಮುಖ್ಯ. ವಸಾಹತಾದ ಜಾವಾದಲ್ಲಿ ಹುಟ್ಟಿ ಬೆಳೆದ ಅಲ್ಲಿಯ ಮೂಲಜನರೆಲ್ಲ ಹೊರಗೆ. ಹೆಂಡತಿ ಗಂಡನ ಹಿಂದೆ, ಅವನು ಯಾವ ದೇಶದವನೋ ಅವಳೂ ಆ ದೇಶದವಳು. ಮತ್ತೆ ಇನ್ನೊಂದು ವಿಚಿತ್ರ ನಿಯಮ. ಪರದೇಶದಲ್ಲಿ ಹತ್ತು ವರ್ಷ ಇದ್ದುಬಿಟ್ಟರೆ ಪೌರತ್ವ ಹೋಯಿತು. ಹೋಗಬಾರದು ಎಂದರೆ ಹತ್ತು ವರ್ಷ ತುಂಬುವ ಮುಂಚೆ ಅಲ್ಲಿರುವ ತಮ್ಮ ದೇಶದ ಕಾನ್ಸಲ್ ಕಚೇರಿಗೋ ಊರಿನ ಮೇಯರ್ ಹತ್ತಿರವೋ ಹೋಗಿ, ನಾನು ಇನ್ನೂ ನಿಮ್ಮವನೇ ಎಂದು ಹೇಳಿ ಬರಬೇಕು. ಹೇಳಿದ ದಿನದಿಂದ ಮತ್ತೆ ಹತ್ತು ವರ್ಷ.

ಆ ಪುಸ್ತಕದಲ್ಲಿ ಉದಾಹರಣೆಗೆಂದು ಒಬ್ಬ ಗುಮಾಸ್ತನ ಕಥೆ ಬರುತ್ತದೆ. ಕೋಸ್ಟರ್ ಎಂದು, ನಮ್ಮ ಸಿಂಗಾಪುರದಲ್ಲೇ ಮೆಣಸಿನ ವ್ಯಾಪಾರದ ಕಂಪನಿಯಲ್ಲಿದ್ದವನು. ೧೮೯೯ರಲ್ಲಿ ಕಾನ್ಸಲ್ ಹತ್ತಿರ ಹೋಗಿ ಹೇಳಿ ಬಂದಿದ್ದ. ೧೯೦೯ರಲ್ಲಿ ಮತ್ತೆ ಹೋಗಬೇಕಿತ್ತು. ಆಫೀಸಿನಿಂದ ಹತ್ತು ನಿಮಿಷದ ದಾರಿ. ನಾಳೆ, ನಾಡಿದ್ದು ಎಂದು ತಳ್ಳಿ ತಳ್ಳಿ ಒಂಬತ್ತು ದಿನ ತಡವಾಗಿ ಹೋದ. ಅಷ್ಟರಲ್ಲಿ ಅವನು ಯಾವ ದೇಶಕ್ಕೂ ಸೇರದವನಾಗಿದ್ದ. ಮನೆಯಲ್ಲಿ ಕೂತಿದ್ದ ಹೆಂಡತಿಯೂ, ಏನೂ ತಪ್ಪು ಮಾಡದೆ, ಅವನ ಜೊತೆಗೇ ಹೋದಳು. ಅವನು ಹಾಗೆಯೇ ಸತ್ತ. ಮದುವೆಯಿಂದಾಗಿ ಪೌರತ್ವ ಕಳೆದುಕೊಂಡ ಹೆಂಗಸು ಗಂಡ ಸತ್ತ ಒಂದು ವರ್ಷದೊಳಗೆ ಹೋಗಿ ಹೇಳಿದರೆ ವಾಪಸು ಸಿಗುತ್ತದೆ ಎಂದು ಕಾನೂನಿತ್ತು. ಅವಳು ಐದನೇ ವಾರಕ್ಕೇ ಹೋಗಿ ಹೇಳಿದಳು. ಅವಳು ಒಳಗೆ ಹೋದಳು, ಕೋಸ್ಟರ್ ಹೊರಗೇ ಉಳಿದ.

‘ಒಂದು ವರ್ಷ’ ಎಂದು ಓದಿದಾಗ ದ್ವಾರಕನಾಥ್ ಅವರು ಕ್ಯಾಲೆಂಡರ್ ನೋಡಿದರಂತೆ. ರೇಣುಕಾ ಹೋಗಿ ಹನ್ನೊಂದು ತಿಂಗಳಾಗಿತ್ತು. ನೂರಿಪ್ಪತ್ತೈದು ವರ್ಷದ ಹಿಂದಿನ, ಯಾವುದೋ ದೇಶದ, ಹೆಂಗಸರಿಗೆ ಮಾತ್ರ ಬರೆದ ಕಾನೂನು. ಅದು ಇವರಿಗೇಕೆ ಅನ್ವಯಿಸಬೇಕು? ಆದರೆ ಜೀವನವಿಡೀ ಪುಸ್ತಕದಲ್ಲಿದ್ದದ್ದನ್ನೇ ನಂಬಿ ಬದುಕಿದ ಮನುಷ್ಯ ಅದನ್ನು ತನಗೇ ಕೊಟ್ಟ ಗಡುವು ಎಂದುಕೊಂಡುಬಿಟ್ಟರು. ಹೆಂಡತಿ ಯಾವ ದೇಶದವಳಾಗಿ ಸತ್ತಳೋ ಆ ದೇಶದವನಾಗಬೇಕು, ವರ್ಷ ತುಂಬುವುದರೊಳಗೆ ಹೋಗಿ ಕೇಳಬೇಕು. ಅವರಿಗೆ ಬೇಕಾದದ್ದು ಅದೊಂದೇ. ಅಲ್ಲೂ ಒಂದು ತೊಡಕು ಬಂತು. ತಾರೀಖಿನ ಪ್ರಕಾರ ವರ್ಷ ತುಂಬುವುದು ಫೆಬ್ರವರಿ ಹತ್ತೊಂಬತ್ತಕ್ಕೆ. ವರ್ಷಾಬ್ದಿಕಕ್ಕೆಂದು ಪುರೋಹಿತರನ್ನು ಕೇಳಿದರೆ, ಮಾಘ ಶುದ್ಧ ದ್ವಾದಶಿ ಈ ವರ್ಷ ಎಂಟಕ್ಕೇ ಬರುತ್ತದೆ ಎಂದರು. ಹನ್ನೊಂದು ದಿನ ಕಡಿಮೆಯಾಯಿತು. ಯಾವುದನ್ನು ಹಿಡಿಯುವುದು? ರೇಣುಕಾ ಹುಟ್ಟುಹಬ್ಬವನ್ನೂ ತಿಥಿಯ ಲೆಕ್ಕದಲ್ಲೇ ಮಾಡುತ್ತಿದ್ದವರು, ಆದ್ದರಿಂದ ಎಂಟೇ ಎಂದು ತೀರ್ಮಾನಿಸಿದರು. ಮದುವೆಯ ಸರ್ಟಿಫಿಕೇಟು, ಹಳೆಯ ಸಂಬಳದ ಚೀಟಿಗಳು, ತೆರಿಗೆಯ ಕಾಗದ, ಎಲ್ಲ ಒಟ್ಟುಮಾಡಿ, ಏಳನೆಯ ತಾರೀಖು ಅರ್ಜಿ ಕೊಟ್ಟು, ಎಂಟಕ್ಕೆ ಪಿಂಡ ಇಟ್ಟು, ಒಂಬತ್ತಕ್ಕೆ ಕೂತು ನನ್ನ ಇಂಡೆಕ್ಸ್ ಮುಗಿಸಿದರು. ನಾನು ಬೈದಿದ್ದು ಈ ಮನುಷ್ಯನಿಗೆ.

ಆಮೇಲೆ ಅವರು ೨೦೧೩ರ ಆ ಬೆಳಗ್ಗೆಯ ಮಾತು ತೆಗೆದರು. ಪ್ರಮಾಣದ ಮಾತುಗಳನ್ನು ಒಂದು ವಾರ ಪ್ರಾಕ್ಟೀಸ್ ಮಾಡಿದ್ದರಂತೆ. ಆ ದಿನ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಕೊನೆಯ ಸಲ ಹೇಳಿ ನೋಡಿದರೆ, ಹಳೆಯ ದೇಶವನ್ನು ಬಿಟ್ಟೆ ಎನ್ನುವ ಕಡೆ ಬಾಯಿಯೇ ಬರಲಿಲ್ಲ. ದೇಶಭಕ್ತಿ ಅಂಥದ್ದೇನೂ ಅಲ್ಲ, ಹೆದರಿಕೆ ಎಂದರು. ಯಾವುದರ ಹೆದರಿಕೆ ಎಂದು ಅವರಿಗೂ ಗೊತ್ತಿಲ್ಲ.

‘ಹೆದರಿಕೆ ಆಗ್ತಿದೆ ಅಂತ ಹೇಳಿದ್ರೆ ಮುಗೀತಿತ್ತು. ಅವಳು ನಗ್ತಿದ್ಲು, ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಿದ್ಲು. ಆಫೀಸ್ ಕೆಲಸ ಅಂತ ಸುಳ್ಳು ಹೇಳ್ದೆ. ಮೂವತ್ತು ವರ್ಷದಲ್ಲಿ ಅವಳಿಗೆ ನಾನು ಹೇಳಿದ್ದು ಅದೊಂದೇ ಸುಳ್ಳು,’ ಎಂದರು.

ನಾನು ಕಾಫಿ ಲೋಟವನ್ನೇ ನೋಡುತ್ತ ಕೂತೆ. ನನ್ನ ಕಿವಿಯಲ್ಲಿ ಆ ಬೆಳಗ್ಗೆಯ ಫೋನು ಗುಂಯ್‌ಗುಡುತ್ತಿತ್ತು. ಅಲ್ಲಿಂದ ಎದ್ದು ಬಂದರೆ ಸಾಕು ಎನ್ನಿಸಿತು. ಸೋಮವಾರ ಆಫೀಸಿನಲ್ಲಿ ಆ ಸಾಲನ್ನು ನಾನೇ ಅಳಿಸಿದೆ. ಅಳಿಸದೆ ಇರುವಂತಿರಲಿಲ್ಲ. ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿ ಅವರಿಗೆ ಕಳಿಸಿದೆ. ಇಂಡೆಕ್ಸ್ ಸರಿಯಾಗಿದೆ, ಥ್ಯಾಂಕ್ಸ್ ಎಂದು ಮೆಸೇಜು ಬಂತು.

ಅರ್ಜಿಗೆ ಉತ್ತರ ಬರಲು ಬಹಳ ದಿನ ಹಿಡಿಯಿತು. ಅರವತ್ತೆರಡು ದಾಟಿದ, ಕಾಯಂ ಸಂಬಳವಿಲ್ಲದ, ಒಮ್ಮೆ ಕೊಟ್ಟದ್ದನ್ನು ಬೇಡವೆಂದು ಬಿಟ್ಟವನನ್ನು ಯಾರು ಒಪ್ಪುತ್ತಾರೆ ಎಂದು ನಮ್ಮ ಮನೆಯಲ್ಲೂ ಮಾತಾಯಿತು. ಅವರು ಮಾತ್ರ ಪ್ರತಿದಿನ ಕೆಳಗಿಳಿದು, ಬ್ಲಾಕಿನ ಬುಡದಲ್ಲಿ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್ಕಿನ ಟಪಾಲು ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, ಅಲ್ಲಿಯ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಮೇಲೆ ಹೋಗುತ್ತಿದ್ದರು. ಒಪ್ಪಿಗೆಯ ಪತ್ರ ಬಂದದ್ದು ೨೦೧೮ರ ಬೇಸಿಗೆ ಕಳೆದ ಮೇಲೆ. ಇಲ್ಲಿ ವರ್ಷವಿಡೀ ಬೇಸಿಗೆಯೇ, ಊರಿನ ಲೆಕ್ಕ ಬಿಡಲಾಗುವುದಿಲ್ಲ ನನಗೆ. ಪ್ರಮಾಣಕ್ಕೆ ಅಕ್ಟೋಬರಿನ ಒಂದು ಗುರುವಾರ. ಅವರು ನನಗೆ ಫೋನು ಮಾಡಿದರು. ‘ಆ ದಿನ ನನಗೆ ಯಾವ ಕೆಲಸವೂ ಕೊಡಬೇಡಿ ಉಮಾ. ನಾನು ಕೇಳಿದ್ರೂ ಕೊಡಬೇಡಿ,’ ಎಂದರು.

ಕೊಡುವುದಿರಲಿ, ನಾನೂ ರಜೆ ಹಾಕಿ ಜೊತೆಗೆ ಹೋದೆ. ಬೇಡ ಎನ್ನಲಿಲ್ಲ. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿದ್ದರು, ೨೦೧೩ರ ಆ ದಿನಕ್ಕೆಂದೇ ರೇಣುಕಾ ತಂದಿಟ್ಟದ್ದಂತೆ, ಈಗ ಹೆಗಲಲ್ಲಿ ಸಡಿಲ. ಲ್ಯಾವೆಂಡರಿನಲ್ಲಿ ಮೇಲಿನ ಮಹಡಿಯಲ್ಲಿ ಜನ ಕುಟುಂಬ ಸಮೇತ ಬಂದಿದ್ದರು, ಅಪ್ಪ ಅಮ್ಮ ಮಕ್ಕಳು ಅಜ್ಜಿ. ದ್ವಾರಕನಾಥ್ ಅವರ ಸರದಿ ಬಂತು. ಬಾಗಿಲ ಹತ್ತಿರ ಹೋದವರು ಒಂದು ಸಲ ತಿರುಗಿ ನೋಡಿದರು. ವಾಪಸು ಓಡಿಬಿಡುತ್ತಾರೇನೋ ಅನ್ನಿಸಿತು. ಆದರೆ ಒಳಗೆ ಹೋದರು. ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಎರಡು ಗುಟುಕು ಕುಡಿದು, ಮುಚ್ಚಳ ಹಾಕುವಷ್ಟರಲ್ಲಿ ಹೊರಗೆ ಬಂದರು. ಏನೋ ಎಡವಟ್ಟಾಗಿ ವಾಪಸು ಕಳಿಸಿರಬೇಕು ಎಂದುಕೊಂಡೆ. ಆಯಿತು ಎಂದರು. ನೀಲಿ ಕಾರ್ಡು ಅವರ ಕೈಯಲ್ಲಿರಲಿಲ್ಲ.

ಹತ್ತಿರದಲ್ಲಿ ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿಗೆ ಕರೆದುಕೊಂಡು ಹೋಗಿ ಕಾಫಿ ತಂದು ಮುಂದಿಟ್ಟೆ. ಬಹಳ ಹೊತ್ತು ಅವರು ಲೋಟ ಮುಟ್ಟಲಿಲ್ಲ. ಆಮೇಲೆ ಕೈಗಡಿಯಾರವನ್ನು ತೋರಿಸಿದರು.

‘ಎರಡು ನಿಮಿಷ ಉಮಾ. ನಾನು ವಾಚ್ ನೋಡ್ದೆ. ಎರಡು ನಿಮಿಷಾನೂ ಪೂರ್ತಿ ಆಗ್ಲಿಲ್ಲ. ಇಷ್ಟಕ್ಕೆ ಅವಳನ್ನ ಒಬ್ಬಳೇ ಕಳಿಸ್ದೆ ನಾನು.’

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದ ಮೇಜಿನವರು ನೋಡಿ ಬೇರೆ ಕಡೆ ತಿರುಗಿದರು. ನಾನು ಟಿಶ್ಯೂ ಪ್ಯಾಕೆಟ್ ಅವರ ಕಡೆ ಸರಿಸಿದೆ.

‘ಒಂದು ಸಮಾಧಾನ ಇದೆ,’ ಎಂದರು ಸ್ವಲ್ಪ ಹೊತ್ತಿನ ಮೇಲೆ. ‘ನನಗೆ ನಿಜವಾಗ್ಲೂ ಕೆಲಸ ಇತ್ತು ಅಂತಾನೇ ಅವಳು ನಂಬಿದ್ಲು. ನಾನು ಬೇಕಂತ ಬರ್ಲಿಲ್ಲ ಅಂತ ಕೊನೇವರೆಗೂ ಅವಳಿಗೆ ಗೊತ್ತಾಗ್ಲಿಲ್ಲ. ಅಲ್ವಾ?’

ಕಚೇರಿಯ ಕೆಳಗೆ ಫೋನು ಹಿಡಿದು ನಿಂತಿದ್ದ ರೇಣುಕಾ ನನ್ನ ಕಣ್ಣ ಮುಂದೆ ಬಂದರು. ಎಲ್ಲ ಗೊತ್ತಿದ್ದೂ ಆಕೆ ಒಬ್ಬರೇ ಮೇಲೆ ಹತ್ತಿ ಹೋದರು. ಎಲ್ಲ ಗೊತ್ತಿದ್ದೂ ಎರಡೂವರೆ ವರ್ಷ ಈ ಮನುಷ್ಯನ ಜೊತೆ ನಗುನಗುತ್ತ ಬಾಳಿದರು. ಇವರಾಗೇ ಬಂದು ಹೇಳಲಿ ಎಂದು ಕಾದರು, ಇವರು ಹೇಳಲಿಲ್ಲ. ಸುಳ್ಳು ಮುಚ್ಚಿಟ್ಟುಕೊಂಡು ಇವರು, ಸುಳ್ಳು ಗೊತ್ತಿರುವುದನ್ನು ಮುಚ್ಚಿಟ್ಟುಕೊಂಡು ಆಕೆ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಐವತ್ತು ವರ್ಷ ಹತ್ತಿರ ಬಂತು ನನಗೆ, ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಂಡವಳಲ್ಲ.

‘ಹೌದು ಸರ್,’ ಎಂದೆ. ‘ಅವರಿಗೆ ಗೊತ್ತಾಗ್ಲಿಲ್ಲ.’

ಅವರು ತಲೆಯಾಡಿಸಿ, ಆರಿಹೋದ ಕಾಫಿಯನ್ನು ಪೂರ್ತಿ ಕುಡಿದರು.